ಲಿನಕ್ಸ್‌ಗೆ ಆಂಟಿವೈರಸ್ ಬೇಕೇ? ಮೊದಲು ಲಕ್ಷಣ ಓದಿ, ಆಮೇಲೆ ಸ್ಕ್ಯಾನ್ ಮಾಡಿ

ವಿಂಡೋಸ್ ಬಿಟ್ಟು ಉಬುಂಟುವಿಗೋ ಮಿಂಟ್‌ಗೋ ಬಂದವರು ಹೆಚ್ಚು ದಿನ ತಡೆಯದೆ ಕೇಳುವ ಪ್ರಶ್ನೆ: "ಇದಕ್ಕೆ ಯಾವ ಆಂಟಿವೈರಸ್ ಹಾಕಬೇಕು?" "ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲ" ಎಂಬ ಉತ್ತರ ಥಟ್ಟನೆ ಸಿಗುತ್ತದೆ. ಅದು ಸುಳ್ಳು. 2016ರ ಅಕ್ಟೋಬರ್‌ನಲ್ಲಿ ಡೈನ್ ಎಂಬ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯನ್ನು ಉಸಿರುಗಟ್ಟಿಸಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯದಂತೆ ಮಾಡಿದ ಮಿರಾಯ್ ಎಂಬ ಕುತಂತ್ರಾಂಶ (ಮಾಲ್‌ವೇರ್) ಓಡಿದ್ದು ಲಿನಕ್ಸ್ ಮೇಲೆಯೇ. ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗಿರುವ ಲಿನಕ್ಸ್ ಅದರ ನೆಲೆಯಾಗಿತ್ತು. ಹಾಗೆಂದು ಗಾಬರಿಯಿಂದ ಸ್ಕ್ಯಾನರ್ ಹಾಕಿ, ಅದು ಕೆಂಪಕ್ಷರದಲ್ಲಿ ತೋರಿಸಿದ್ದನ್ನೆಲ್ಲ ಅಳಿಸುವುದೂ ಸರಿಯಲ್ಲ. ವೈರಸ್ಸಿನಿಂದ ಆಗದ ಹಾನಿ ಅಂಥ ಅಳಿಸುವಿಕೆಯಿಂದ ಆದ ಉದಾಹರಣೆಗಳು ಬೇಕಾದಷ್ಟಿವೆ.

ನನ್ನ ನಿಲುವು ಇಷ್ಟು. ಉಬುಂಟು, ಮಿಂಟ್‌ನಂಥವರೇ ನಡೆಸುವ ಅಧಿಕೃತ ಭಂಡಾರದಿಂದ (ರೆಪೊಸಿಟರಿ) ಮಾತ್ರ ತಂತ್ರಾಂಶ ಹಾಕಿಕೊಂಡು, ನಿಯಮಿತವಾಗಿ ಅಪ್‌ಡೇಟ್ ಮಾಡುವ ಮನೆಯ ಡೆಸ್ಕ್‌ಟಾಪ್‌ಗೆ ಸದಾ ಕಾವಲಿರುವ ಆಂಟಿವೈರಸ್ ಬೇಕಿಲ್ಲ. ಇತರರ ಕಡತಗಳು ಹಾದುಹೋಗುವ ಯಂತ್ರಕ್ಕೆ, ಅಂದರೆ ಮೇಲ್ ಸರ್ವರ್, ಕಚೇರಿಯ ಕಡತ ಹಂಚಿಕೆ ಸರ್ವರ್, ಜನ ಕಡತ ಅಪ್‌ಲೋಡ್ ಮಾಡುವ ಜಾಲತಾಣ, ಇವುಗಳಿಗೆ ಬೇಕು. ಈ ಎರಡರಲ್ಲಿ ಯಾವ ಯಂತ್ರವೇ ಆಗಲಿ, ಏನೋ ಎಡವಟ್ಟಾಗಿದೆ ಎನಿಸಿದಾಗ ಮೊದಲು ಹಿಡಿಯಬೇಕಾದ ಉಪಕರಣ ಸ್ಕ್ಯಾನರ್ ಅಲ್ಲ. ಸ್ಕ್ಯಾನರ್ ಒಂದು ಕಡತದ ಬಗ್ಗೆ ಹೇಳಬಲ್ಲದು. ಯಂತ್ರದ ಬಗ್ಗೆ ಹೇಳಲಾರದು. ಯಂತ್ರದ ಬಗ್ಗೆ ಹೇಳುವುದು ಲಕ್ಷಣಗಳು.

ಕೆಳಗಿನ ಕಮಾಂಡ್‌ಗಳನ್ನೂ ಫೋಲ್ಡರ್‌ಗಳ ಹೆಸರನ್ನೂ ಉಚ್ಚರಿಸುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಶುರು ಮಾಡುವ ಮೊದಲು ಎರಡು ಎಚ್ಚರಿಕೆಗಳಿವೆ. ಅನುಮಾನ ಬಗೆಹರಿಯುವವರೆಗೆ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ಅರ್ಥವಾಗದ ಯಾವ ಕಮಾಂಡನ್ನೂ ಸುಡೋ (ರೂಟ್ ಎಂಬ ಸರ್ವಾಧಿಕಾರಿ ಖಾತೆಯ ಅಧಿಕಾರ ಕೊಡುವ ಪದ) ಸೇರಿಸಿ ಓಡಿಸಬೇಡಿ. "ವೈರಸ್ ತೆಗೆಯುವ ಕಮಾಂಡ್" ಎಂದು ಯಾರೋ ಕಳುಹಿಸಿದ್ದನ್ನಂತೂ ಮುಟ್ಟಲೇಬೇಡಿ.

## "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ" ಎಂಬ ಸಂದೇಶ ಪರದೆಯ ಮೇಲೆ ಬರುತ್ತಿದೆ

ಅತಿ ಸಾಮಾನ್ಯವಾದ ಲಕ್ಷಣ ಇದು. ಇದರ ಮೂಲ ಬಹುಪಾಲು ಬ್ರೌಸರ್‌ನಲ್ಲೇ ಇರುತ್ತದೆ, ಲಿನಕ್ಸ್‌ನಲ್ಲಿ ಅಲ್ಲ. ಉಬುಂಟು ಯಂತ್ರದ ಮೇಲೆ "ವಿಂಡೋಸ್ ಡಿಫೆಂಡರ್ ಎಚ್ಚರಿಕೆ" ಎಂದು ಕಂಡರೆ ಅದೊಂದು ಜಾಲಪುಟ ಎನ್ನಲು ಬೇರೆ ಸಾಕ್ಷಿ ಬೇಡ.

ಸಂದೇಶ ಇಡೀ ಪರದೆ ಆವರಿಸಿದ್ದರೆ ಎಸ್ಕೇಪ್ ಕೀಯನ್ನು ಒತ್ತಿ ಹಿಡಿಯಿರಿ, ಅಥವಾ ಎಫ್11 ಒತ್ತಿ. ಆಗಲೂ ಹೋಗದಿದ್ದರೆ ಬ್ರೌಸರನ್ನೇ ಬಲವಂತವಾಗಿ ಮುಚ್ಚಿ, ಮತ್ತೆ ತೆರೆದಾಗ ಹಳೆಯ ಟ್ಯಾಬ್‌ಗಳನ್ನು ಮರಳಿ ತರಬೇಡಿ. ಸಂದೇಶ ಮೂಲೆಯಲ್ಲಿ ಚಿಕ್ಕ ಪಟ್ಟಿಯಾಗಿ ಆಗಾಗ ಇಣುಕುತ್ತಿದ್ದರೆ, ಯಾವುದೋ ತಾಣಕ್ಕೆ ನೋಟಿಫಿಕೇಶನ್ ಅನುಮತಿ ಕೊಟ್ಟಿದ್ದೀರಿ ಎಂದರ್ಥ. ಫೈರ್‌ಫಾಕ್ಸ್‌ನಲ್ಲಾಗಲಿ ಕ್ರೋಮ್‌ನಲ್ಲಾಗಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ವಿಭಾಗದಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿ ತೆರೆಯಿರಿ. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಹುಡುಕಾಟದ ಪುಟ ತಾನಾಗಿ ಬೇರೆಡೆಗೆ ಹೋಗುತ್ತಿದ್ದರೆ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಕೆಟ್ಟ ಎಕ್ಸ್‌ಟೆನ್ಶನ್‌ಗೆ ಕೆಳಗಿರುವುದು ಯಾವ ಆಪರೇಟಿಂಗ್ ಸಿಸ್ಟಂ ಎಂಬ ಭೇದವಿಲ್ಲ. ನಿಮ್ಮ ಮೇಲ್, ನಿಮ್ಮ ಬ್ಯಾಂಕ್ ಪುಟ ಎಲ್ಲವೂ ಅದಕ್ಕೆ ಕಾಣುತ್ತದೆ, ಮತ್ತು ಡಿಸ್ಕ್ ಮೇಲಿನ ಕಡತಗಳನ್ನು ಹುಡುಕುವ ಸ್ಕ್ಯಾನರ್‌ನಿಂದ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಆ ಪುಟದಲ್ಲಿದ್ದ ನಂಬರಿಗೆ ಕರೆ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್‌ನಂಥ ದೂರನಿಯಂತ್ರಣ ತಂತ್ರಾಂಶ ಹಾಕಿಕೊಂಡಿದ್ದರೆ ಇಲ್ಲಿಗೇ ನಿಲ್ಲಿಸಿ. ಇಂಟರ್ನೆಟ್ ಕಡಿದುಹಾಕಿ ಆ ತಂತ್ರಾಂಶವನ್ನು ತೆಗೆಯಿರಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ದಾಟಿಹೋಗುವ ಮೊದಲು ತಡೆಯುವ ಅವಕಾಶ ಇರುವುದು ಆ ಹೊತ್ತಿನಲ್ಲೇ.

## ಫ್ಯಾನ್ ಜೋರಾಗಿ ತಿರುಗುತ್ತಿದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆ

ಟರ್ಮಿನಲ್ ತೆರೆದು ಟಾಪ್ ಎಂದು ಓಡಿಸಿ, ಅಥವಾ ಸಿಸ್ಟಂ ಮಾನಿಟರ್ ತೆರೆಯಿರಿ. ಪಟ್ಟಿಯ ಮೇಲಿನ ಸಾಲಿನಲ್ಲಿರುವುದೇ ಸಿಪಿಯು ತಿನ್ನುತ್ತಿರುವ ಪ್ರಾಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ. ಎಲ್ಲ ಶಾಂತವಾಗಿದ್ದೂ ಫ್ಯಾನ್ ಮಾತ್ರ ಕೂಗುತ್ತಿದ್ದರೆ ಗಾಳಿಕಿಂಡಿಯಲ್ಲಿ ಧೂಳು ತುಂಬಿದೆಯೇ ನೋಡಿ. ತಂತ್ರಾಂಶದ ತನಿಖೆ ಅಲ್ಲಿಗೆ ಮುಗಿಯಿತು.

ಅತಿ ಹೆಚ್ಚು ಜನರನ್ನು ಬೆಚ್ಚಿಬೀಳಿಸುವ ಹೆಸರು ಟ್ರ್ಯಾಕರ್ ಮೈನರ್. ಟ್ರ್ಯಾಕರ್ ಎಂದರೆ ಬೆನ್ನುಹತ್ತುವವನು, ಮೈನರ್ ಎಂದರೆ ಕ್ರಿಪ್ಟೊ ಹಣ ಅಗೆಯುವವನು ಎಂದುಕೊಂಡು ಹೊಸಬರು ಹೌಹಾರುತ್ತಾರೆ. ಅದು ಗ್ನೋಮ್ ಡೆಸ್ಕ್‌ಟಾಪಿನ ಹುಡುಕಾಟಕ್ಕಾಗಿ ನಿಮ್ಮ ಕಡತಗಳ ಪಟ್ಟಿ ತಯಾರಿಸುವ ಸೇವೆ. ಗ್ನೋಮ್‌ನ ಹೊಸ ಆವೃತ್ತಿಗಳಲ್ಲಿ ಅದರ ಹೆಸರು ಲೋಕಲ್‌ಸರ್ಚ್ ಎಂದಾಗಿದೆ. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪಿನಲ್ಲಿ ಇದೇ ಕೆಲಸವನ್ನು ಬಾಲೂ ಮಾಡುತ್ತದೆ. ಹೊಸದಾಗಿ ಸಾವಿರಾರು ಫೋಟೊ ನಕಲಿಸಿದಾಗ ಒಂದಷ್ಟು ಹೊತ್ತು ಇವು ದುಡಿಯುವುದು ಸಹಜ. ಅಪ್‌ಡೇಟ್ ಹುಡುಕುವ ಪ್ಯಾಕೇಜ್‌ಕಿಟ್, ಸ್ನ್ಯಾಪ್‌ಡಿ ಇವೂ ಹಾಗೆಯೇ.

ಕೆಸ್ವಾಪ್‌ಡಿ0 ಮೇಲೆ ಕಂಡರೆ ಸ್ವಲ್ಪ ನಿಂತು ಯೋಚಿಸಬೇಕು. ಅಸಲಿಯಾದರೆ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನದೇ ಭಾಗ. ರ‍್ಯಾಮ್ ತುಂಬಿ ಡಿಸ್ಕಿಗೂ ರ‍್ಯಾಮಿಗೂ ನಡುವೆ ಎಳೆದಾಟ ನಡೆದಾಗ ಅದು ಮೇಲೇಳುತ್ತದೆ, ಕೆಲವು ಟ್ಯಾಬ್ ಮುಚ್ಚಿದರೆ ತಣ್ಣಗಾಗುತ್ತದೆ. ರ‍್ಯಾಮ್ ಧಾರಾಳವಾಗಿ ಖಾಲಿ ಇದ್ದೂ ಅದು ಸಿಪಿಯು ನುಂಗುತ್ತಿದ್ದರೆ ಆ ಹೆಸರು ಕದ್ದ ಕ್ರಿಪ್ಟೊ ಮೈನರ್ ಇರಬಹುದು. ಕೆಡೆವ್‌ಟಿಎಂಪಿಎಫ್‌ಎಸ್ ಎಂಬ ಅಸಲಿ ಕರ್ನೆಲ್ ಹೆಸರಿನ ಕೊನೆಗೆ ಒಂದು ಐ ಅಕ್ಷರ ಅಂಟಿಸಿಕೊಂಡು ಬರುವ ಮೈನರ್ ಕೂಡ ಇದೆ. ಸಾಮಾನ್ಯವಾಗಿ ಕಿನ್‌ಸಿಂಗ್ ಎಂಬ ಇನ್ನೊಂದು ಕುತಂತ್ರಾಂಶ ಅದನ್ನು ಕರೆತರುತ್ತದೆ.

ಅಸಲಿ ನಕಲಿ ಬೇರ್ಪಡಿಸುವ ಪರೀಕ್ಷೆಗೆ ದುಡ್ಡು ಬೇಡ, ಸ್ಕ್ಯಾನರ್ ಬೇಡ. ಪ್ರಾಸೆಸ್‌ನ ಸಂಖ್ಯೆ ಬರೆದುಕೊಳ್ಳಿ. ಪ್ರೊಕ್ ಫೋಲ್ಡರಿನಲ್ಲಿ ಆ ಸಂಖ್ಯೆಯ ಒಳಗೆ ಇಎಕ್ಸ್ಇ ಎಂಬ ಕೊಂಡಿ ಇರುತ್ತದೆ. ಅದು ಎತ್ತ ತೋರಿಸುತ್ತಿದೆ ಎಂದು ಸುಡೋ ಜೊತೆಗೆ ಎಲ್‌ಎಸ್ ಹೈಫನ್ ಎಲ್ ಬಳಸಿ ನೋಡಿ. ಅಸಲಿ ಕರ್ನೆಲ್ ಪ್ರಾಸೆಸ್‌ಗೆ ಡಿಸ್ಕ್ ಮೇಲೆ ಕಡತವೇ ಇರುವುದಿಲ್ಲವಾದ್ದರಿಂದ ಆ ಕೊಂಡಿ ಎಲ್ಲಿಗೂ ಹೋಗುವುದಿಲ್ಲ. ಅದರ ತಾಯಿ ಪ್ರಾಸೆಸ್‌ನ ಸಂಖ್ಯೆ 2 ಆಗಿರುತ್ತದೆ. ಕೊಂಡಿ ಟಿಎಂಪಿ, ವರ್ ಒಳಗಿನ ಟಿಎಂಪಿ, ಅಥವಾ ಡೆವ್ ಒಳಗಿನ ಎಸ್‌ಎಚ್‌ಎಂ ಫೋಲ್ಡರನ್ನು ತೋರಿಸಿದರೆ ಅನುಮಾನ ಬಲವಾಯಿತು. ಮುಂದೆ ಡಿಲೀಟೆಡ್ ಎಂದು ಬರೆದಿದ್ದರೆ ಎರಡು ಅರ್ಥಗಳಿವೆ. ಹಾದಿ ಯುಎಸ್‌ಆರ್ ಒಳಗಿನದಾದರೆ, ಓಡುತ್ತಿರುವಾಗಲೇ ಅದಕ್ಕೆ ಅಪ್‌ಡೇಟ್ ಬಂದಿದೆ ಅಷ್ಟೆ. ಮುಚ್ಚಿ ತೆರೆದರೆ ಸರಿಹೋಗುತ್ತದೆ. ಹಾದಿ ಟಿಎಂಪಿ ಒಳಗಿನದಾದರೆ, ಕುತಂತ್ರಾಂಶ ತನ್ನ ಗುರುತು ಅಳಿಸಿಕೊಂಡು ನೆನಪಿನಲ್ಲಿ ಮಾತ್ರ ಕೂತಿದೆ. ಆಗ ಅದನ್ನು ಕೊಲ್ಲಲು ಧಾವಿಸಬೇಡಿ. ನೇರವಾಗಿ ಕೆಳಗೆ ಸರ್ವರ್ ಬಗೆಗಿನ ಭಾಗಕ್ಕೆ ಹೋಗಿ.

## ಪೆನ್‌ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವ್‌ನಲ್ಲಿ ಇದು ಇಂದಿಗೂ ಕಾಣುವ ಕಾಯಿಲೆ. ವಿಂಡೋಸ್ ಕುತಂತ್ರಾಂಶ ನಿಮ್ಮ ಫೋಲ್ಡರ್‌ಗಳನ್ನು ಅಡಗಿಸಿ, ಅದೇ ಹೆಸರಿನಲ್ಲಿ ಎಲ್‌ಎನ್‌ಕೆ ಕಡತಗಳನ್ನು ಇಟ್ಟಿರುತ್ತದೆ. ಲಿನಕ್ಸ್ ಬಳಕೆದಾರರಿಗೆ ಇದರಿಂದ ಅಪಾಯ ಕಡಿಮೆ, ಉಪಕಾರ ಮಾಡುವ ಅವಕಾಶ ಹೆಚ್ಚು. ವಿಂಡೋಸ್ ಅಡಗಿಸಿದ ಫೋಲ್ಡರ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಎದ್ದು ಕಾಣುತ್ತದೆ. ಕೆಲವೊಮ್ಮೆ ಹೆಸರೇ ಇಲ್ಲದಂತೆ ತೋರುವ ಒಂದು ಫೋಲ್ಡರಿನೊಳಗೆ ಎಲ್ಲವನ್ನೂ ತುರುಕಿರುತ್ತದೆ, ಅದನ್ನೂ ತೆರೆಯಬಹುದು. ನಿಮ್ಮ ದಾಖಲೆ, ಫೋಟೊಗಳನ್ನು ಹೊರಗೆ ನಕಲಿಸಿ, ಎಲ್‌ಎನ್‌ಕೆ, ಇಎಕ್ಸ್ಇ, ವಿಬಿಎಸ್ ಕಡತಗಳನ್ನು ಬಿಟ್ಟು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ.

ವೈನ್ ಹಾಕಿಕೊಂಡವರು ಮಾತ್ರ ಇಲ್ಲಿ ಕೈ ಬಿಗಿಹಿಡಿಯಬೇಕು. ವೈನ್ ವಿಂಡೋಸ್ ಕಡತವನ್ನು ಓಡಿಸುತ್ತದೆ, ಮತ್ತು ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಝಡ್ ಡ್ರೈವ್ ಎಂಬ ಹೆಸರಿನಲ್ಲಿ ನಿಮ್ಮ ಇಡೀ ಕಡತ ವ್ಯವಸ್ಥೆಯನ್ನು ಅದಕ್ಕೆ ತೋರಿಸುತ್ತದೆ. ಎರಡು ಸಲ ಕ್ಲಿಕ್ ಮಾಡಿದ ಇಎಕ್ಸ್ಇ ನಿಮ್ಮ ಹೋಮ್ ಫೋಲ್ಡರಿನ ಕಡತಗಳನ್ನು ಕೆಡಿಸಬಲ್ಲದು.

ಈ ಪೆನ್‌ಡ್ರೈವ್ ಮರಳಿ ವಿಂಡೋಸ್ ಯಂತ್ರಕ್ಕೆ ಹೋಗುವುದಾದರೆ ಸ್ಕ್ಯಾನ್ ಮಾಡಿಯೇ ಕಳುಹಿಸಿ. ಮನೆಯ ಲಿನಕ್ಸ್ ಯಂತ್ರದಲ್ಲಿ ಕ್ಲಾಮ್‌ಎವಿ ಎಂಬ ಆಂಟಿವೈರಸ್ ಇಟ್ಟುಕೊಳ್ಳಲು ನನಗೆ ಪೂರ್ತಿ ಒಪ್ಪಿಗೆಯಾಗುವ ಕಾರಣ ಇದು. ನಿಮ್ಮ ಮೂಲಕ ಹಾದುಹೋದದ್ದು ಇನ್ನೊಬ್ಬರ ಯಂತ್ರವನ್ನು ಕೆಡಿಸಬಾರದು.

## ಕ್ಲಾಮ್‌ಎವಿ ಹಾಕಿದೆ, ಆದರೆ ಏನೂ ಮಾಡುತ್ತಿರುವಂತೆ ಕಾಣುತ್ತಿಲ್ಲ

ಕ್ಲಾಮ್‌ಎವಿ ಸಿಸ್ಕೊ ಸಂಸ್ಥೆಯ ಟ್ಯಾಲೋಸ್ ತಂಡ ನೋಡಿಕೊಳ್ಳುವ ಮುಕ್ತ ತಂತ್ರಾಂಶ. ಹಾಕಿದ ಮಾತ್ರಕ್ಕೆ ಅದು ಕಾವಲು ಕಾಯುವುದಿಲ್ಲ. ನೀವು ಹೇಳಿದಾಗ, ಹೇಳಿದ ಫೋಲ್ಡರನ್ನು ನೋಡುತ್ತದೆ. ಕಡತ ತೆರೆಯುವಾಗಲೇ ತಡೆಯಬೇಕೆಂದರೆ ಕ್ಲಾಮ್‌ಆನ್‌ಎಸಿಸಿ ಎಂಬ ಸೇವೆಯನ್ನು ಬೇರೆಯಾಗಿ ಹೊಂದಿಸಬೇಕು. ವಿಂಡೋಸ್ ಅಭ್ಯಾಸದಿಂದ "ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ" ಎಂದುಕೊಳ್ಳುವುದು ಹಾಕದೇ ಇರುವುದಕ್ಕಿಂತ ಕೆಟ್ಟದ್ದು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಐಕಾರ್ ಪರೀಕ್ಷಾ ಕಡತವಿದೆ. ಅದು 68 ಅಕ್ಷರಗಳ ನಿರುಪದ್ರವಿ ಸಾಲು. ಎಲ್ಲ ಆಂಟಿವೈರಸ್‌ಗಳೂ ಅದನ್ನು ಹಿಡಿಯಬೇಕು ಎಂಬುದು ಒಪ್ಪಂದ. ಅದನ್ನು ಇಳಿಸಿಕೊಂಡು, ಆ ಫೋಲ್ಡರಿನ ಮೇಲೆ ಕ್ಲಾಮ್‌ಸ್ಕ್ಯಾನ್ ಓಡಿಸಿ. ಹೈಫನ್ ಆರ್ ಸೇರಿಸಿದರೆ ಒಳಗಿನ ಫೋಲ್ಡರ್‌ಗಳೂ ಸೇರುತ್ತವೆ, ಹೈಫನ್ ಐ ಸೇರಿಸಿದರೆ ಸೋಂಕಿತವಾದವು ಮಾತ್ರ ಕಾಣುತ್ತವೆ. ಇಡೀ ಡಿಸ್ಕ್ ಸ್ಕ್ಯಾನ್ ಮಾಡಲು ಹೊರಟವರು ಪ್ರೊಕ್ ಮತ್ತು ಸಿಸ್ ಫೋಲ್ಡರ್‌ಗಳನ್ನು ಹೊರಗಿಡಿ. ಅಲ್ಲಿರುವುದು ನಿಜವಾದ ಕಡತಗಳಲ್ಲ.

ಫ್ರೆಶ್‌ಕ್ಲಾಮ್ ಓಡಿಸಿದರೆ "ಲಾಗ್ ಕಡತ ಇನ್ನೊಂದು ಪ್ರಾಸೆಸ್‌ನ ವಶದಲ್ಲಿದೆ" ಎಂಬ ಅರ್ಥದ ದೋಷ ಬರುತ್ತದೆಂದು ಬಹಳ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ಫ್ರೆಶ್‌ಕ್ಲಾಮ್ ಸೇವೆ ಆಗಲೇ ಓಡುತ್ತಾ ವೈರಸ್ ಪಟ್ಟಿಯನ್ನು ತಾನೇ ಹೊಸದು ಮಾಡುತ್ತಿದೆ ಎಂಬುದಷ್ಟೇ ಅದರ ಅರ್ಥ. ಬಿಟ್ಟುಬಿಡಿ. ಮತ್ತೆ ಮತ್ತೆ ಬಲವಂತದಿಂದ ಇಳಿಸಲು ಹೋದರೆ ಅವರ ಸರ್ವರ್ ನಿಮ್ಮನ್ನು ಕೆಲಕಾಲ ತಡೆಹಿಡಿಯುತ್ತದೆ.

ಕಡಿಮೆ ರ‍್ಯಾಮ್ ಇರುವ ಬಾಡಿಗೆ ಸರ್ವರಿನಲ್ಲಿ ಕ್ಲಾಮ್‌ಡಿ (ಕ್ಲಾಮ್‌ಎವಿಯ ಹಿನ್ನೆಲೆ ಸೇವೆ) ಶುರುವಾದ ಕೂಡಲೇ ಸಾಯುತ್ತಿದ್ದರೆ ಕಾರಣ ನೆನಪಿನ ಕೊರತೆ. ವೈರಸ್ ಪಟ್ಟಿಯನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳಲು ಅದಕ್ಕೆ ಒಂದು ಜಿಬಿಗೂ ಹೆಚ್ಚು ಬೇಕು. ಇಲ್ಲದಿದ್ದರೆ ಕರ್ನೆಲ್ ಅದನ್ನು, ಇಲ್ಲವೇ ಪಕ್ಕದ ಡೇಟಾಬೇಸನ್ನು ಕೊಂದುಹಾಕುತ್ತದೆ. ಒಂದು ಜಿಬಿ ರ‍್ಯಾಮ್‌ನ ಸರ್ವರಿಗೆ ಇದನ್ನು ಹಾಕಲೇಬೇಡಿ.

## ಸ್ಕ್ಯಾನರ್ "ಸಿಕ್ಕಿತು" ಎನ್ನುತ್ತಿದೆ, ಅಳಿಸಲೇ?

ಅಳಿಸಬೇಡಿ. ಮೊದಲು ಹೆಸರು ಓದಿ.

ಕ್ಲಾಮ್‌ಎವಿ ಕೊಡುವ ಹೆಸರಿನ ಮೊದಲ ತುಣುಕಿನಲ್ಲೇ ಅರ್ಧ ಉತ್ತರವಿದೆ. ವಿನ್ ಎಂದು ಶುರುವಾದರೆ ಅದು ವಿಂಡೋಸ್‌ನದು. ಮೇಲ್‌ನ ಲಗತ್ತಿನಲ್ಲೋ ಹಳೆಯ ಬ್ಯಾಕಪ್‌ನಲ್ಲೋ ನಿದ್ರಿಸುತ್ತಿರುತ್ತದೆ, ನಿಮ್ಮ ಯಂತ್ರಕ್ಕೆ ಏನೂ ಮಾಡಿಲ್ಲ. ಪಿಯುಎ ಎಂದಿದ್ದರೆ "ಬೇಡವಾಗಿರಬಹುದಾದದ್ದು" ಎಂಬ ಗುಮಾನಿ ಮಾತ್ರ. ಹ್ಯೂರಿಸ್ಟಿಕ್ಸ್ ಎಂದಿದ್ದರೆ ನಿಶ್ಚಿತ ಗುರುತಲ್ಲ, ಲಕ್ಷಣ ನೋಡಿ ಮಾಡಿದ ಊಹೆ. ಬ್ಯಾಂಕಿನಿಂದ ಬಂದ ಅಸಲಿ ಮೇಲ್ ಕೂಡ ಇದರಲ್ಲಿ ಸಿಕ್ಕಿಬೀಳುತ್ತದೆ. ಯೂನಿಕ್ಸ್ ಎಂದು ಶುರುವಾದರೆ, ಅದರಲ್ಲೂ ಕಡತ ಟಿಎಂಪಿಯಲ್ಲೋ ಹೋಮ್ ಒಳಗಿನ ಅಡಗಿದ ಫೋಲ್ಡರಿನಲ್ಲೋ ಇದ್ದರೆ, ಆಗ ಗಂಭೀರವಾಗಿ ತೆಗೆದುಕೊಳ್ಳಿ.

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಬಳಸುವವರಿಗೆ ವಿಶೇಷ ಎಚ್ಚರಿಕೆ. ಅದು ಸಾಮಾನ್ಯವಾಗಿ ಇನ್‌ಬಾಕ್ಸ್‌ನ ಎಲ್ಲ ಮೇಲ್‌ಗಳನ್ನು ಒಂದೇ ಉದ್ದನೆಯ ಕಡತದಲ್ಲಿ ಇಡುತ್ತದೆ. ಸ್ಕ್ಯಾನರ್ ಆ ಒಂದು ಕಡತ ಸೋಂಕಿತ ಎನ್ನುತ್ತದೆ. ನೀವು ಅದನ್ನು ಅಳಿಸಿದರೆ, ಅಥವಾ ಕ್ಲಾಮ್‌ಸ್ಕ್ಯಾನ್‌ಗೆ ರಿಮೂವ್ ಆಯ್ಕೆ ಕೊಟ್ಟು ಓಡಿಸಿದರೆ, ಒಂದು ಕೊಳಕು ಮೇಲ್‌ನ ಜೊತೆಗೆ ವರ್ಷಗಳ ಪತ್ರವ್ಯವಹಾರವೇ ಹೋಗುತ್ತದೆ. ಥಂಡರ್‌ಬರ್ಡ್ ಒಳಗೇ ಆ ಮೇಲ್ ಹುಡುಕಿ ಅಳಿಸಿ, ಕಸದ ಬುಟ್ಟಿ ಖಾಲಿ ಮಾಡಿ, ನಂತರ ಫೋಲ್ಡರನ್ನು ಕಾಂಪ್ಯಾಕ್ಟ್ ಮಾಡಿ. ಕಾಂಪ್ಯಾಕ್ಟ್ ಮಾಡುವವರೆಗೆ ಅಳಿಸಿದ ಮೇಲ್ ಆ ಕಡತದಲ್ಲೇ ಉಳಿದಿರುತ್ತದೆ, ಸ್ಕ್ಯಾನರ್ ಮತ್ತೆ ಕೂಗುತ್ತದೆ.

ಎರಡನೆಯ ಅಭಿಪ್ರಾಯ ಬೇಕಿದ್ದರೆ, ಕಡತವನ್ನು ಹಲವು ಆಂಟಿವೈರಸ್‌ಗಳಿಂದ ನೋಡಿಸುವ ವೈರಸ್‌ಟೋಟಲ್ ತಾಣ ಇದೆ. ಅಲ್ಲಿಗೆ ಏರಿಸಿದ ಕಡತ ಹೊರಗಿನ ಚಂದಾದಾರರಿಗೂ ಸಿಗುತ್ತದೆ ಎಂಬುದನ್ನು ನೆನಪಿಡಿ. ಆಧಾರ್ ಪ್ರತಿ, ಬ್ಯಾಂಕ್ ವಿವರ, ಕಚೇರಿಯ ದಾಖಲೆಗಳನ್ನು ಏರಿಸಬಾರದು. ಅದರ ಬದಲು ಎಸ್‌ಎಚ್‌ಎ256ಸಮ್ ಕಮಾಂಡ್‌ನಿಂದ ಕಡತದ ಹ್ಯಾಶ್ (ಬೆರಳಚ್ಚಿನಂಥ ಅಕ್ಷರಗಳ ಸಾಲು) ತೆಗೆದು, ಅಲ್ಲಿ ಆ ಹ್ಯಾಶನ್ನು ಹುಡುಕಿದರೆ ಸಾಕು.

## ಆರ್‌ಕೆಹಂಟರ್, ಸಿಎಚ್‌ಕೆರೂಟ್‌ಕಿಟ್ ಎಚ್ಚರಿಕೆಗಳನ್ನು ಸುರಿಸುತ್ತಿವೆ

ಈ ಎರಡು ಉಪಕರಣಗಳು ಹುಡುಕುವುದು ರೂಟ್‌ಕಿಟ್‌ಗಳನ್ನು, ಅಂದರೆ ಸಿಸ್ಟಂನ ಬೇರಿನಲ್ಲೇ ಅಡಗುವವುಗಳನ್ನು. ಸ್ವಚ್ಛ ಯಂತ್ರದಲ್ಲೂ ಇವು ಗಲಾಟೆ ಮಾಡುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ಎಲ್‌ಡಬ್ಲ್ಯುಪಿ ರಿಕ್ವೆಸ್ಟ್ ಎಂಬ ಕಮಾಂಡನ್ನು ಸ್ಕ್ರಿಪ್ಟ್‌ನಿಂದ ಬದಲಿಸಲಾಗಿದೆ ಎಂದು ಆರ್‌ಕೆಹಂಟರ್ ದೂರುತ್ತದೆ. ಅದು ಮೊದಲಿನಿಂದಲೂ ಪರ್ಲ್ ಸ್ಕ್ರಿಪ್ಟೇ. ಪ್ಯಾಕೆಟ್ ಸ್ನಿಫರ್ (ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ಕದ್ದು ನೋಡುವ ಪ್ರೋಗ್ರಾಂ) ಇದೆ ಎಂದು ಸಿಎಚ್‌ಕೆರೂಟ್‌ಕಿಟ್ ಹೇಳಿ, ಪಕ್ಕದಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಅಥವಾ ಡಿಎಚ್‌ಕ್ಲೈಂಟ್ ಹೆಸರಿದ್ದರೆ ಅದು ನಿಮ್ಮ ವೈಫೈ ನಡೆಸುವ ಸೇವೆ.

ಇವುಗಳ ಮಾತು ನಿಜವೇ ಎಂದು ತಿಳಿಯಲು ಪ್ಯಾಕೇಜ್ ವ್ಯವಸ್ಥೆಯನ್ನೇ ಕೇಳಿ. ಡೆಬಿಯನ್ ಕುಟುಂಬದಲ್ಲಿ ಡೆಬ್‌ಸಮ್ಸ್ ಹೈಫನ್ ಸಿ, ಫೆಡೋರಾ ಕುಟುಂಬದಲ್ಲಿ ಆರ್‌ಪಿಎಂ ಹೈಫನ್ ವಿಎ (ಇದರಲ್ಲಿ ವಿ ಮಾತ್ರ ದೊಡ್ಡಕ್ಷರ) ಓಡಿಸಿದರೆ, ಪ್ಯಾಕೇಜಿನಿಂದ ಬಂದ ಕಡತಗಳಲ್ಲಿ ಯಾವುವು ಬದಲಾಗಿವೆ ಎಂಬ ಪಟ್ಟಿ ಬರುತ್ತದೆ. ಇಟಿಸಿ ಒಳಗಿನ ಸೆಟ್ಟಿಂಗ್ ಕಡತ ಬದಲಾಗುವುದು ಸಹಜ. ಎಲ್‌ಎಸ್, ಪಿಎಸ್, ಎಸ್‌ಎಸ್‌ಎಚ್‌ಡಿಯಂಥ ಪ್ರೋಗ್ರಾಂಗಳೇ ಬದಲಾಗಿದ್ದರೆ ಸಹಜವಲ್ಲ. ಅಲ್ಲಿಗೆ ಸ್ವಯಂ ಚಿಕಿತ್ಸೆ ನಿಲ್ಲಿಸಿ.

ಆರ್‌ಕೆಹಂಟರ್‌ನ ಎಚ್ಚರಿಕೆ ನಿಲ್ಲಿಸಲು ಪ್ರಾಪ್‌ಅಪ್‌ಡಿ ಆಯ್ಕೆ ಓಡಿಸಿ ಎಂದು ಹಲವರು ಹೇಳುತ್ತಾರೆ. ಅದು ಈಗಿನ ಸ್ಥಿತಿಯನ್ನೇ ಸರಿಯಾದ ಸ್ಥಿತಿ ಎಂದು ಬರೆದಿಟ್ಟುಕೊಳ್ಳುತ್ತದೆ. ಯಂತ್ರ ಸ್ವಚ್ಛವಾಗಿದೆ ಎಂದು ಖಾತ್ರಿಯಾಗುವ ಮೊದಲು ಓಡಿಸಿದರೆ ಕಳ್ಳನಿಗೇ ಗುರುತಿನ ಚೀಟಿ ಕೊಟ್ಟಂತೆ.

## ಹೊರಗಿನಿಂದ ಏನನ್ನೋ ಹಾಕಿದ ಮೇಲೆ ತೊಂದರೆ ಶುರುವಾಯಿತು

ಡೆಸ್ಕ್‌ಟಾಪ್ ಲಿನಕ್ಸ್‌ಗೆ ಕುತಂತ್ರಾಂಶ ಬರುವ ಹೆದ್ದಾರಿ ಇದು, ಬಳಕೆದಾರರೇ ಕೈಯಾರೆ ಹಾಕಿಕೊಳ್ಳುವುದು. 2009ರಲ್ಲಿ ಗ್ನೋಮ್‌ಲುಕ್ ತಾಣದಲ್ಲಿ ಸ್ಕ್ರೀನ್‌ಸೇವರ್ ಹೆಸರಿನಲ್ಲಿ ಡಿಇಬಿ ಪ್ಯಾಕೇಜ್ ಕಡತವೊಂದು ಕುತಂತ್ರಾಂಶ ಹೊತ್ತು ತಂದಿತ್ತು. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಕಡತ) ಕೊಂಡಿಯನ್ನು ಹಿಂಬಾಗಿಲು ಇಟ್ಟ ಐಎಸ್‌ಒಗೆ ತಿರುಗಿಸಿದ್ದರು. 2018ರಲ್ಲಿ ಸ್ನ್ಯಾಪ್ ಅಂಗಡಿಯ ಒಂದು ಆಟದೊಳಗೆ ಕ್ರಿಪ್ಟೊ ಮೈನರ್ ಸಿಕ್ಕಿತು. ಅದೇ ವರ್ಷ ಆರ್ಚ್ ಲಿನಕ್ಸ್‌ನ ಬಳಕೆದಾರರೇ ಪ್ಯಾಕೇಜ್ ಹಾಕುವ ಎಯುಆರ್ ಭಂಡಾರದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಪಿಡಿಎಫ್ ಓದುಗ ಪ್ಯಾಕೇಜನ್ನು ಒಬ್ಬರು ದತ್ತು ತೆಗೆದುಕೊಂಡು ಕೆಟ್ಟ ಸ್ಕ್ರಿಪ್ಟ್ ಸೇರಿಸಿದರು. 2025ರ ಜುಲೈನಲ್ಲಿ ಅಲ್ಲಿಯೇ ಫೈರ್‌ಫಾಕ್ಸ್, ಲಿಬ್ರೆವುಲ್ಫ್ ಬ್ರೌಸರ್‌ಗಳ "ಸುಧಾರಿತ" ಆವೃತ್ತಿ ಎಂಬ ಸೋಗಿನಲ್ಲಿ ದೂರನಿಯಂತ್ರಣ ಕುತಂತ್ರಾಂಶ ಬಂದಿತ್ತು.

ಹಾಗಾಗಿ ನಿಮ್ಮನ್ನೇ ಕೇಳಿಕೊಳ್ಳಿ: ತೊಂದರೆಗೆ ಮುಂಚೆ ಏನು ಹಾಕಿದೆ? ಡೆಬಿಯನ್ ಕುಟುಂಬದಲ್ಲಿ ವರ್, ಲಾಗ್, ಎಪಿಟಿ ಫೋಲ್ಡರಿನ ಹಿಸ್ಟರಿ ಕಡತ ದಿನಾಂಕ ಸಮೇತ ಹೇಳುತ್ತದೆ. ಟರ್ಮಿನಲ್‌ನಲ್ಲಿ ಹಿಸ್ಟರಿ ಎಂದು ಓಡಿಸಿದರೆ, ಕರ್ಲ್ ಕಮಾಂಡ್‌ನಿಂದ ಇಳಿಸಿ ನೇರವಾಗಿ ಬ್ಯಾಷ್‌ಗೆ (ಟರ್ಮಿನಲ್‌ನ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಸುರಿದ ಸಾಲುಗಳು ಸಿಗಬಹುದು. ಅವುಗಳನ್ನು ಬರೆದಿಟ್ಟುಕೊಳ್ಳಿ. ನಂತರ ತಾನಾಗಿ ಶುರುವಾಗುವ ಜಾಗಗಳನ್ನು ನೋಡಿ. ಕ್ರಾನ್‌ಟ್ಯಾಬ್ ಹೈಫನ್ ಎಲ್ ಓಡಿಸಿ, ನಿಗದಿತ ಸಮಯಕ್ಕೆ ತಾನಾಗಿ ಓಡುವ ಕ್ರಾನ್ ಕೆಲಸಗಳ ಪಟ್ಟಿ ಬರುತ್ತದೆ. ಹೋಮ್‌ನ ಕಾನ್ಫಿಗ್ ಒಳಗಿನ ಆಟೋಸ್ಟಾರ್ಟ್ ಫೋಲ್ಡರ್ ತೆರೆಯಿರಿ. ಬ್ಯಾಷ್‌ಆರ್‌ಸಿ ಕಡತದ ಕೊನೆಯ ಸಾಲುಗಳನ್ನು ಓದಿ. ಸಿಸ್ಟಂಸಿಟಿಎಲ್ ಲಿಸ್ಟ್ ಹೈಫನ್ ಟೈಮರ್ಸ್‌ನಲ್ಲಿ ಗುರುತಿಲ್ಲದ ಹೆಸರಿದೆಯೇ ನೋಡಿ. ಈ ನಾಲ್ಕೂ ಕಡೆ ಅಪರಿಚಿತವಾದದ್ದು ಇಲ್ಲದಿದ್ದರೆ ತೊಂದರೆ ಬಹುಶಃ ಆ ತಂತ್ರಾಂಶದ ಬಗ್ ಅಷ್ಟೇ.

"ರೂಟ್ ಪಾಸ್‌ವರ್ಡ್ ಕೊಟ್ಟಿಲ್ಲವಲ್ಲ, ಏನಾಗುತ್ತದೆ?" ಎಂಬ ನೆಮ್ಮದಿ ಬೇಡ. ನಿಮ್ಮ ಫೋಟೊ, ಎಸ್‌ಎಸ್‌ಎಚ್ ಕೀ (ದೂರದ ಸರ್ವರ್‌ಗೆ ಲಾಗಿನ್ ಆಗುವ ಕೀಲಿ ಕಡತ), ಬ್ರೌಸರ್‌ನಲ್ಲಿ ಉಳಿಸಿದ ಲಾಗಿನ್ ಎಲ್ಲವೂ ಇರುವುದು ಹೋಮ್‌ನಲ್ಲಿ. ಅವುಗಳನ್ನು ಕದಿಯಲು ರೂಟ್ ಅಧಿಕಾರ ಬೇಕಾಗಿಲ್ಲ.

ಐಎಸ್‌ಒ ಇಳಿಸುವಾಗ ಚೆಕ್‌ಸಮ್ (ಕಡತದ ಹ್ಯಾಶ್) ಜೊತೆಗೆ ತಯಾರಕರ ಡಿಜಿಟಲ್ ಸಹಿಯನ್ನೂ ಪರೀಕ್ಷಿಸಿ. ತಾಣವೇ ಕಳ್ಳರ ಕೈಯಲ್ಲಿದ್ದರೆ ಚೆಕ್‌ಸಮ್ ಪಕ್ಕದಲ್ಲೇ ಬದಲಾಗಿರುತ್ತದೆ, ತಯಾರಕರ ಗುಟ್ಟಿನ ಕೀ ಇಲ್ಲದೆ ಅವರ ಜಿಪಿಜಿ ಸಹಿಯನ್ನು ಹಾಗೆ ಬದಲಿಸಲಾಗದು.

ಅಧಿಕೃತ ಭಂಡಾರಕ್ಕೇ ವಿಷ ಬೆರೆತರೆ? 2024ರ ಮಾರ್ಚ್‌ನಲ್ಲಿ ಅದೂ ಆಯಿತು. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0, 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಡಲಾಗಿತ್ತು, ಡೆಬಿಯನ್ ಮತ್ತು ಫೆಡೋರಾಗಳ ಪರೀಕ್ಷಾ ಆವೃತ್ತಿಗಳವರೆಗೂ ಅದು ಬಂದಿತ್ತು. ಅದನ್ನು ಹಿಡಿದದ್ದು ಸ್ಕ್ಯಾನರ್ ಅಲ್ಲ. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ, ಸಿಪಿಯು ಯಾಕೋ ಹೆಚ್ಚು ತಿನ್ನುತ್ತಿದೆ ಎಂದು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಕ್ಷಣ ಓದುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

## ಇಂಟರ್ನೆಟ್ ಕಂಪನಿಯಿಂದ "ನಿಮ್ಮ ಸಂಪರ್ಕದಲ್ಲಿ ಬಾಟ್‌ನೆಟ್ ಇದೆ" ಎಂಬ ಸಂದೇಶ ಬಂದಿದೆ

ಬಾಟ್‌ನೆಟ್ ಎಂದರೆ ಕಳ್ಳರ ವಶವಾಗಿ ಅವರು ಹೇಳಿದಂತೆ ಒಟ್ಟಾಗಿ ಕುಣಿಯುವ ಯಂತ್ರಗಳ ಜಾಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್‌ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ ಇಂಥ ಮಾಹಿತಿಯನ್ನು ಇಂಟರ್ನೆಟ್ ಕಂಪನಿಗಳ ಮೂಲಕ ತಲುಪಿಸುತ್ತದೆ. ಅದೇ ಹೆಸರಿನಲ್ಲಿ ವಂಚಕರೂ ಸಂದೇಶ ಕಳುಹಿಸುತ್ತಾರೆ, ಆದ್ದರಿಂದ ಅದರಲ್ಲಿರುವ ಕೊಂಡಿಯನ್ನು ಒತ್ತದೆ ನೀವೇ ಕಂಪನಿಯನ್ನು ಸಂಪರ್ಕಿಸಿ. ಸಂದೇಶ ನಿಜವಾದರೂ ಅನುಮಾನಿಸಬೇಕಾದದ್ದು ನಿಮ್ಮ ಲ್ಯಾಪ್‌ಟಾಪನ್ನು ಮೊದಲಲ್ಲ. ಅದೇ ವೈಫೈಗೆ ಅಂಟಿಕೊಂಡಿರುವ ಸಿಸಿಟಿವಿ ಡಿವಿಆರ್, ಹಳೆಯ ರೂಟರ್, ಅಗ್ಗದ ಆಂಡ್ರಾಯ್ಡ್ ಟಿವಿ ಪೆಟ್ಟಿಗೆ, ಇವೇ ಮೊದಲ ಶಂಕಿತರು. ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಅಪರಾಧಿ ಪಕ್ಕದ ಬೀದಿಯ ಯಂತ್ರವೂ ಇರಬಹುದು.

ಮಿರಾಯ್ ಜಾತಿಯವು ಸಾಮಾನ್ಯವಾಗಿ ರ‍್ಯಾಮಿನಲ್ಲಿ ಮಾತ್ರ ಬದುಕುತ್ತವೆ. ಡಿವಿಆರ್ ಆರಿಸಿ ಹಚ್ಚಿದರೆ ಹೋಗುತ್ತದೆ, ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ಬೇಗನೆ ಮರಳಿ ಬರುತ್ತದೆ. ಆದ್ದರಿಂದ ಕ್ರಮ ಮುಖ್ಯ: ಇಂಟರ್ನೆಟ್ ತಂತಿ ಬಿಚ್ಚಿ, ಆರಿಸಿ ಹಚ್ಚಿ, ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದಿದ್ದರೆ ಹಾಕಿ, ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಮುಚ್ಚಿ, ಕೊನೆಗೆ ತಂತಿ ಜೋಡಿಸಿ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಪೆಟ್ಟಿಗೆಯಾದರೆ ಅದನ್ನು ಇಂಟರ್ನೆಟ್‌ನಿಂದ ದೂರವಿಡುವುದೊಂದೇ ದಾರಿ.

## ಸರ್ವರ್‌ನ ಲಾಗ್‌ನಲ್ಲಿ ಸಾವಿರಾರು ವಿಫಲ ಲಾಗಿನ್‌ಗಳಿವೆ

ಉಬುಂಟುವಿನಲ್ಲಿ ಆಥ್ ಲಾಗ್, ರೆಡ್‌ಹ್ಯಾಟ್ ಕುಟುಂಬದಲ್ಲಿ ಸೆಕ್ಯೂರ್ ಎಂಬ ಕಡತ ತೆರೆದರೆ, ರೂಟ್ ಹೆಸರಿನಲ್ಲಿ "ಫೇಲ್ಡ್ ಪಾಸ್‌ವರ್ಡ್" ಸಾಲುಗಳು ಮಳೆ ಸುರಿದಂತೆ ಕಾಣುತ್ತವೆ. ಇಂಟರ್ನೆಟ್‌ಗೆ ತೆರೆದ ಎಲ್ಲ ಸರ್ವರ್‌ಗಳ ಪಾಡೂ ಇದೇ. ವಿಫಲವಾಗಿವೆ ಎಂದರೆ ಬಾಗಿಲು ಹಾಕಿದೆ ಎಂದರ್ಥ. ನೀವು ಹುಡುಕಬೇಕಾದದ್ದು "ಅಕ್ಸೆಪ್ಟೆಡ್" ಎಂಬ ಪದವನ್ನು. ಅದರ ಮುಂದೆ ನಿಮ್ಮದಲ್ಲದ ಐಪಿ ವಿಳಾಸವೋ ನೀವು ನಿದ್ದೆಯಲ್ಲಿದ್ದ ಸಮಯವೋ ಇದ್ದರೆ ಯಾರೋ ಒಳಗೆ ಬಂದಿದ್ದಾರೆ. ಲಾಸ್ಟ್ ಕಮಾಂಡ್ ಕೂಡ ಇದನ್ನೇ ಸಂಕ್ಷಿಪ್ತವಾಗಿ ಹೇಳುತ್ತದೆ. ಪ್ರತಿ ಬಳಕೆದಾರರ ಎಸ್‌ಎಸ್‌ಎಚ್ ಫೋಲ್ಡರಿನ ಆಥರೈಸ್ಡ್ ಕೀಸ್ ಕಡತದಲ್ಲಿ ಗುರುತಿಲ್ಲದ ಕೀ ಇದೆಯೇ ಎಂದೂ ನೋಡಿ.

ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಲಾಗಿನ್‌ಗೆ ಬದಲಾಯಿಸುವುದು ಸ್ಕ್ಯಾನರ್ ಹಾಕುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ರಕ್ಷಣೆ. ಬದಲಿಸುವಾಗ ಈಗಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಕೀ ಬಳಸಿ ಒಳಹೋಗಿ ನೋಡಿ. ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ.

ವರ್ಡ್‌ಪ್ರೆಸ್ ತಾಣವಿದ್ದರೆ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತಗಳನ್ನು ಹುಡುಕಿ. ಚಿತ್ರಗಳಿರಬೇಕಾದ ಜಾಗದಲ್ಲಿ ಪಿಎಚ್‌ಪಿ ಸಿಕ್ಕರೆ ಬಹುಪಾಲು ಅದು ವೆಬ್‌ಶೆಲ್, ಅಂದರೆ ಕಳ್ಳರು ಹೊರಗಿನಿಂದ ಸರ್ವರ್ ನಡೆಸಲು ಇಟ್ಟ ಹಿಂಬಾಗಿಲು. ಇಂಥ ಸರ್ವರಿಗೆ ಕ್ಲಾಮ್‌ಎವಿ ಜೊತೆಗೆ ಮಾಲ್‌ಡೆಟ್ ಎಂಬ ಸ್ಕ್ಯಾನರ್ ಹಾಕುವುದು ನಿಜಕ್ಕೂ ಪ್ರಯೋಜನಕಾರಿ.

ಮೇಲೆ ಹೇಳಿದ ನಕಲಿ ಹೆಸರಿನ ಮೈನರ್ ಸಿಕ್ಕಿದ್ದರೆ, ಅದನ್ನು ಕೊಂದರೂ ಸ್ವಲ್ಪ ಹೊತ್ತಿನಲ್ಲಿ ಏಕೆ ಮರಳಿ ಬರುತ್ತದೆ ಎಂಬುದಕ್ಕೆ ಕಾರಣ ಸಾಮಾನ್ಯವಾಗಿ ಕ್ರಾನ್‌ನಲ್ಲಿರುತ್ತದೆ. ಆಗಾಗ ಹೊರಗಿನಿಂದ ಮತ್ತೆ ಇಳಿಸಿಕೊಳ್ಳುವ ಸಾಲೊಂದು ಅಲ್ಲಿ ಕೂತಿರುತ್ತದೆ. ಇಟಿಸಿ ಫೋಲ್ಡರಿನಲ್ಲಿ ಎಲ್‌ಡಿ ಎಸ್‌ಒ ಪ್ರೀಲೋಡ್ ಎಂಬ ಕಡತವಿದೆಯೇ ನೋಡಿ. ಓಡುವ ಪ್ರತಿ ಪ್ರೋಗ್ರಾಂ ಜೊತೆಗೂ ಬೇರೆ ಕೋಡ್ ಸೇರಿಸಲು ಬಳಸುವ ಆ ಕಡತ ಸಾಮಾನ್ಯ ಯಂತ್ರದಲ್ಲಿ ಇರುವುದಿಲ್ಲ. ಇದ್ದರೆ, ಪಿಎಸ್, ಎಲ್‌ಎಸ್, ಸ್ಕ್ಯಾನರ್ ಎಲ್ಲವೂ ಕಳ್ಳನ ಕನ್ನಡಕದಿಂದಲೇ ನೋಡುತ್ತಿರಬಹುದು; "ಏನೂ ಸಿಗಲಿಲ್ಲ" ಎಂಬ ಅವುಗಳ ವರದಿಗೆ ಬೆಲೆಯಿಲ್ಲ.

## ಎಲ್ಲಿ ನಿಲ್ಲಿಸಬೇಕು

ಅಪರಿಚಿತ ಯಶಸ್ವಿ ಲಾಗಿನ್, ಬದಲಾದ ಸಿಸ್ಟಂ ಪ್ರೋಗ್ರಾಂ, ಪ್ರೀಲೋಡ್ ಕಡತ, ರೂಟ್ ಹೆಸರಿನಲ್ಲಿ ಓಡುತ್ತಿರುವ ಮೈನರ್: ಇವುಗಳಲ್ಲಿ ಒಂದು ಸಿಕ್ಕರೂ ಶುದ್ಧೀಕರಣದ ಆಸೆ ಬಿಡಿ. ರೂಟ್ ಅಧಿಕಾರ ಕೈತಪ್ಪಿದ ಯಂತ್ರವನ್ನು ಅದರೊಳಗಿನಿಂದಲೇ ಸ್ವಚ್ಛ ಮಾಡಿದ್ದೇನೆಂದು ಯಾರೂ ಖಾತ್ರಿಯಾಗಿ ಹೇಳಲಾರರು.

ನೆಟ್‌ವರ್ಕ್ ಕಡಿಯಿರಿ. ಬಾಡಿಗೆ ಸರ್ವರ್ ಆದರೆ ಫೈರ್‌ವಾಲ್‌ನಿಂದ ನಿಮ್ಮ ವಿಳಾಸಕ್ಕೆ ಮಾತ್ರ ಬಿಡಿ. ಕಚೇರಿಯ ಯಂತ್ರವಾದರೆ ರೀಸ್ಟಾರ್ಟ್ ಮಾಡಬೇಡಿ. ನೆನಪಿನಲ್ಲಿರುವ ಸಾಕ್ಷ್ಯ ಅಳಿಯುತ್ತದೆ. ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು ಭದ್ರತಾ ತಂಡಕ್ಕೆ ತಿಳಿಸಿ. 2022ರ ಏಪ್ರಿಲ್ 28ರ ಸರ್ಟ್‌ಇನ್ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಮನೆಯ ಯಂತ್ರವಾದರೆ ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿದ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಶುರು ಮಾಡಿ, ದಾಖಲೆ, ಫೋಟೊಗಳನ್ನು ಹೊರ ಡಿಸ್ಕಿಗೆ ನಕಲಿಸಿ. ಪ್ರೋಗ್ರಾಂ, ಸ್ಕ್ರಿಪ್ಟ್, ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳನ್ನು ತರಬೇಡಿ. ಡಿಸ್ಕ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಹೊರ ಡಿಸ್ಕನ್ನು ಜೋಡಿಸಿ, ನಕಲಿಸುವ ಮುಂಚೆ ಅದರ ಮೇಲೆ ಕ್ಲಾಮ್‌ಸ್ಕ್ಯಾನ್ ಓಡಿಸಿ. ಈಗ ಸ್ಕ್ಯಾನರ್ ನಿಂತಿರುವುದು ಸ್ವಚ್ಛ ನೆಲದ ಮೇಲೆ, ಅದರ ಮಾತನ್ನು ನಂಬಬಹುದು.

ಪಾಸ್‌ವರ್ಡ್‌ಗಳನ್ನು ಹೊಸ ಯಂತ್ರದಿಂದ ಅಥವಾ ಮೊಬೈಲ್‌ನಿಂದ ಬದಲಿಸಿ. ಮೊದಲು ಇಮೇಲ್, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ನಂತರ ಬ್ಯಾಂಕ್, ಆಮೇಲೆ ಉಳಿದವು. ಪ್ರತಿ ಖಾತೆಯಲ್ಲೂ "ಎಲ್ಲ ಸಾಧನಗಳಿಂದ ಲಾಗ್ಔಟ್" ಒತ್ತಿ. ಕದ್ದ ಬ್ರೌಸರ್ ಕುಕೀ ಇದ್ದವರಿಗೆ ಹೊಸ ಪಾಸ್‌ವರ್ಡ್ ಬೇಕಾಗದಿರಬಹುದು. ಹಳೆಯ ಎಸ್‌ಎಸ್‌ಎಚ್ ಕೀಯನ್ನು ಅದು ಇದ್ದ ಎಲ್ಲ ಸರ್ವರ್‌ಗಳಿಂದಲೂ ಗಿಟ್‌ಹಬ್‌ನಿಂದಲೂ ತೆಗೆದು, ಹೊಸ ಕೀಯನ್ನು ಪಾಸ್‌ಫ್ರೇಸ್ ಸಮೇತ ಮಾಡಿಕೊಳ್ಳಿ.